ಹುಲಿ-ಕುರಿ ಆಟವೂ ಹೆಸರಿನ ಅಮಾನತೂ

ನಮ್ಮ ಸೀಮೆಯಲ್ಲಿ 'ಪುಕ್ಕಟೆ' ಎಂಬ ಮಾತಿಗೆ ಎರಡು ಅರ್ಥಗಳಿವೆ. ಹಣ ಕೊಡದೆ ದೊರೆತದ್ದು ಎಂಬುದು ಒಂದು. ಹೇಳುವವರು ಕೇಳುವವರು ಇಲ್ಲದ್ದು ಎಂಬುದು ಇನ್ನೊಂದು. ಮೊದಲನೆಯದರಿಂದ ಎರಡನೆಯದಕ್ಕೆ ಜನರು ಬಹಳ ಸಲೀಸಾಗಿ ಜಾರುತ್ತಾರೆ. ಬೇರೆಯವರ ಹೊಲದ ಬದುವಿನಲ್ಲಿ ಉದುರಿದ ಹತ್ತಿಯನ್ನು ಆಯ್ದುಕೊಳ್ಳುವ ಮುನ್ನ ಒಂದು ಮಾತು ಕೇಳುವ ಮನುಷ್ಯನೇ, ಕಂಪ್ಯೂಟರಿನಲ್ಲಿಯೋ ಮೊಬೈಲಿನಲ್ಲಿಯೋ ಬೆಲೆಯಿಲ್ಲದೆ ಸಿಕ್ಕ ವಸ್ತುವಿಗೆ ಒಡೆಯನೊಬ್ಬ ಇರಬಹುದೆಂದು ಯೋಚಿಸುವುದಿಲ್ಲ. ಆಟವನ್ನು ಇಳಿಸಿಕೊಂಡದ್ದಾಯಿತು, ಆಡಿದ್ದಾಯಿತು, ಅಳಿಸಿದ್ದಾಯಿತು. ಅದನ್ನು ಯಾರು ಮಾಡಿದರು, ಯಾವ ಮಾತಿನ ಮೇಲೆ ಕೊಟ್ಟರು ಎಂಬುದನ್ನು ತಿಳಿಸುವ ಪುಟವೊಂದು ಪ್ರತಿ ಆಟದ ಮೂಲೆಯಲ್ಲಿಯೂ ಇರುತ್ತದೆ. ಅದನ್ನು ತೆರೆದು ನೋಡುವವರು ವಿರಳ.

ಕಳೆದ ವರ್ಷ ಆ ಪುಟದ ವಿಷಯವೇ ನಮ್ಮ ಮನೆಯಲ್ಲಿ ಹಲವು ದಿನಗಳ ಚರ್ಚೆಯಾಯಿತು. ನಾವು ನವಲಗುಂದದ ಇಬ್ಬರು ಸೋದರರು. ಹೊಲದ ಕೆಲಸದ ಜೊತೆಗೆ ಪೇಟೆಯಲ್ಲಿ ಸಣ್ಣದೊಂದು ಅಂಗಡಿಯನ್ನು ನಡೆಸುತ್ತೇವೆ. ನಮ್ಮ ಅಕ್ಕನನ್ನು ಅಣ್ಣಿಗೇರಿಯ ಕಡೆಗೆ ಕೊಟ್ಟಿದೆ. ಅವಳ ಮಗ ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಓದುತ್ತಿದ್ದಾನೆ. ರಜೆಗೆ ಬಂದಾಗಲೆಲ್ಲ ಹಳೆಯ ಲ್ಯಾಪ್‌ಟಾಪೊಂದನ್ನು ಮಡಿಲಲ್ಲಿಟ್ಟುಕೊಂಡು ಕುಳಿತುಬಿಡುವ ಹುಡುಗ. ಅವನು ಹುಲಿ-ಕುರಿ ಆಟವನ್ನು ಕನ್ನಡದಲ್ಲಿ ಕಂಪ್ಯೂಟರಿಗೆ ತಂದಿದ್ದನು.

ಆಟವನ್ನು ಬಲ್ಲವರಿಗೆ ವಿವರಣೆ ಬೇಕಿಲ್ಲ. ಕಟ್ಟೆಯ ಹಾಸುಗಲ್ಲಿನ ಮೇಲೆ ಇದ್ದಿಲಿನಿಂದ ಗೆರೆ ಎಳೆದು, ಮೂರು ಹುಣಸೆಬೀಜಗಳನ್ನು ಹುಲಿಯೆಂದೂ ಹದಿನೈದು ಹರಳುಗಳನ್ನು ಕುರಿಯೆಂದೂ ಇಟ್ಟು, ಮಳೆ ಬಿಡುವವರೆಗೆ ನಾವೆಲ್ಲ ಆಡಿದ್ದೇ. ಹುಲಿ ಕುರಿಯನ್ನು ಹಾರಿ ಕೊಲ್ಲುತ್ತದೆ. ಕುರಿಗಳು ಒಟ್ಟಾಗಿ ಹುಲಿಗೆ ಕದಲಲು ಎಡೆಯಿಲ್ಲದಂತೆ ಮಾಡಿದರೆ ಗೆಲ್ಲುತ್ತವೆ. ಇದರಲ್ಲಿ ದಾಳವಿಲ್ಲ, ಕವಡೆಯಿಲ್ಲ. ಹುಡುಗ ಇದನ್ನೇ ಆರಿಸಿಕೊಂಡುದಕ್ಕೆ ಅದೂ ಒಂದು ಕಾರಣ. ದಾಳದ ಆಟದ ಕುರಿತು ಸಹೀಹ್ ಮುಸ್ಲಿಮ್‌ನಲ್ಲಿ ಬಂದಿರುವ ಕಠಿಣವಾದ ಎಚ್ಚರಿಕೆ ನಮ್ಮ ಓದುಗರಿಗೆ ತಿಳಿದೇ ಇದೆ. ಚದುರಂಗದ ವಿಷಯದಲ್ಲಿ ಹನಫಿ ವಿದ್ವಾಂಸರು ಬಿಗಿಯಾಗಿದ್ದಾರೆ. ಪಣವಿಲ್ಲದಿದ್ದರೆ, ನಮಾಝ್ ತಪ್ಪದಿದ್ದರೆ ಎಂಬ ಷರತ್ತಿನ ಮೇಲೆ ಶಾಫಿಈ ವಿದ್ವಾಂಸರು ಸಡಿಲರಾಗಿದ್ದಾರೆ. ಆ ಚರ್ಚೆಗೆ ನಾವು ಇಲ್ಲಿ ಇಳಿಯುವುದಿಲ್ಲ. ನಮ್ಮ ಮನೆಯಲ್ಲಿ ಎದ್ದ ಪ್ರಶ್ನೆ ಆಟದ್ದಲ್ಲ, ಆಟವನ್ನು ಕೊಟ್ಟವನದ್ದು.

ಏಕೆಂದರೆ ಹುಡುಗ ಇದನ್ನು ಬರಿಗೈಯಿಂದ ಕಟ್ಟಿರಲಿಲ್ಲ. ನೇಪಾಳದಲ್ಲಿ ಇದೇ ಜಾತಿಯ 'ಬಾಘ್‌ಚಾಲ್' ಎಂಬ ಆಟವಿದೆ. ಅಲ್ಲಿ ನಾಲ್ಕು ಹುಲಿಗಳು, ಇಪ್ಪತ್ತು ಕುರಿಗಳು, ಇಪ್ಪತ್ತೈದು ಬಿಂದುಗಳ ಚೌಕ. ದೂರದೇಶದ ಯಾರೋ ಒಬ್ಬರು ಅದನ್ನು ಕಂಪ್ಯೂಟರಿಗೆ ಬರೆದು, ಆಕರ ಸಂಕೇತ ಸಹಿತ ಎಲ್ಲರಿಗೂ ತೆರೆದಿಟ್ಟಿದ್ದರು. ನಮ್ಮ ಹುಡುಗ ಅದನ್ನು ತೆಗೆದುಕೊಂಡು ಚೌಕದ ಬದಲು ನಮ್ಮ ಕಡೆಯ ಮುಕ್ಕೋನದ ಮನೆಯನ್ನು ಕೂಡಿಸಿದನು, ಹುಲಿ-ಕುರಿಗಳ ಲೆಕ್ಕ ಬದಲಾಯಿಸಿದನು, ಎಲ್ಲ ಮಾತುಗಳನ್ನು ಕನ್ನಡಕ್ಕೆ ತಂದನು. ಆರು ತಿಂಗಳ ಕೆಲಸ. ಆದರೆ ಹುಲಿಯು ಮುಂದಿನ ನಡೆಯನ್ನು ಯೋಚಿಸುವ ಭಾಗ, ಅಂದರೆ ಆಟದ ಬುದ್ಧಿ, ಬಹುಪಾಲು ಆ ಅಪರಿಚಿತನದೇ.

ಇದನ್ನು ಕಂಡ ಪಟ್ಟಣದ ವ್ಯಾಪಾರಿಯೊಬ್ಬರು 18,000 ರೂಪಾಯಿ ಕೊಡುವುದಾಗಿ ಹೇಳಿದರು. ಅವರು ಶಾಲೆಗಳಿಗೆ ಕಂಪ್ಯೂಟರ್ ಒದಗಿಸುವವರು. ದೇಸಿ ಆಟವೊಂದು ಒಳಗಿದ್ದರೆ ಮಾರಾಟಕ್ಕೆ ಅನುಕೂಲ. ಒಂದೇ ಮಾತು ಕೇಳಿದರು: ಕೊನೆಯ ಪುಟವನ್ನು ತೆಗೆಯಬೇಕು. "ಆ ಪರದೇಶದವನ ಹೆಸರು ಯಾಕ ಬೇಕು? ಕನ್ನಡ ಆಟಕ್ಕ ಕನ್ನಡದವರ ಹೆಸರಿದ್ರ ಸಾಕು. ಪುಕ್ಕಟೆ ಸಿಗೂ ಸಾಮಾನು ಅಂತ ಗೊತ್ತಾದ್ರ ಸಾಲಿಯವರು ರೊಕ್ಕ ಕೊಡ್ತಾರೇನು?" ಎಂದರಂತೆ.

ಆ ವರ್ಷ ಅಕ್ಕನ ಮನೆಯ ಹೆಸರುಕಾಳಿನ ಬೆಳೆ ಕೊಯ್ಲಿನ ಹೊತ್ತಿಗೆ ಮಳೆಯಲ್ಲಿ ನೆನೆದು ಕಪ್ಪಾಗಿತ್ತು. ಭಾವನಿಗೆ ಬೆನ್ನುನೋವು, ದುಡಿಮೆ ಅರ್ಧಕ್ಕೆ ನಿಂತಿತ್ತು. ಹುಡುಗನ ಎರಡು ಸೆಮಿಸ್ಟರಿನ ಶುಲ್ಕವನ್ನು ಅವರು ಎಲ್ಲಿಂದ ತರುವುದೆಂದು ಲೆಕ್ಕ ಹಾಕುತ್ತಿದ್ದ ಕಾಲವದು. ಆದ್ದರಿಂದ ಇದು ತತ್ತ್ವಚರ್ಚೆಯಾಗಿ ನಮ್ಮ ಮನೆಗೆ ಬರಲಿಲ್ಲ. "ಮಾಮೂ, ಅವರು ಸುಳ್ಳು ಹೇಳು ಅಂತ ಕೇಳಿಲ್ಲ. ಒಂದು ಪುಟ ತಗೀ ಅಂದಾರ, ಅಷ್ಟ" ಎಂದು ಹುಡುಗ ನಮ್ಮ ಮುಂದೆ ಕುಳಿತಾಗ, ಅವನ ದನಿಯಲ್ಲಿ ನಮ್ಮಿಂದ ಹೂಂ ಎನಿಸಿಕೊಳ್ಳುವ ಆಸೆಯೂ ಇತ್ತು, ನಾವು ಬೇಡವೆಂದರೆ ಹಗುರಾಗುವ ಆಸೆಯೂ ಇತ್ತು.

ಪುಟದಲ್ಲಿ ಇದ್ದುದೇನು ಎಂದು ನಾವು ಓದಿಸಿದೆವು. ಮೂಲ ಬರೆದವನ ಹೆಸರು, ವರ್ಷ, ಮತ್ತು 'ಜಿಎನ್‌ಯು ಜಿಪಿಎಲ್, ಆವೃತ್ತಿ 3' ಎಂಬ ಪರವಾನಗಿಯ ಉಲ್ಲೇಖ. ರಿಚರ್ಡ್ ಸ್ಟಾಲ್ಮನ್ ಎಂಬವರು 1989ರಲ್ಲಿ ಮೊದಲು ಹೊರತಂದ ಪರವಾನಗಿ ಇದು. ಮೂರನೆಯ ಆವೃತ್ತಿ ಬಂದದ್ದು 2007ರಲ್ಲಿ. ಇದರ ಸಾರಾಂಶ ರೈತನಿಗೂ ಅರ್ಥವಾಗುವಂಥದ್ದು. ಈ ತಂತ್ರಾಂಶವನ್ನು ನೀನು ಬಳಸಬಹುದು, ಬಿಚ್ಚಿ ನೋಡಬಹುದು, ಬದಲಿಸಬಹುದು, ಹಂಚಬಹುದು, ಮಾರಲೂಬಹುದು. ಆದರೆ ನೀನು ಯಾರಿಗೆ ಕೊಡುತ್ತೀಯೋ ಅವರಿಗೂ ಇದೇ ಅಧಿಕಾರಗಳು ದಕ್ಕಬೇಕು. ಆಕರ ಸಂಕೇತವನ್ನು ಅವರಿಗೆ ಒದಗಿಸಬೇಕು. ಮೂಲ ಕರ್ತೃವಿನ ಹಕ್ಕುಸೂಚನೆಯನ್ನು ಅಳಿಸಬಾರದು. ನೀನು ಬದಲಿಸಿದ್ದರೆ ಬದಲಿಸಿದ್ದೇನೆ ಎಂದು ನಮೂದಿಸಬೇಕು. ಮಾರಬಾರದೆಂಬ ಮಾತು ಇದರಲ್ಲಿ ಇಲ್ಲವೇ ಇಲ್ಲ. ಇದನ್ನು ಒತ್ತಿ ಹೇಳುವುದು ಅಗತ್ಯ, ಏಕೆಂದರೆ ಮುಕ್ತ ತಂತ್ರಾಂಶದ ಹೆಸರು ಕೇಳಿದ ಕೂಡಲೇ ಅದರಿಂದ ಗಳಿಸುವುದೇ ತಪ್ಪೆಂದು ಕೆಲವರೂ, ಅದಕ್ಕೆ ಯಾವ ಕಟ್ಟಳೆಯೂ ಇಲ್ಲವೆಂದು ಹಲವರೂ ತಿಳಿಯುತ್ತಾರೆ. ಎರಡೂ ಸರಿಯಲ್ಲ. ಹುಡುಗನಿಗೆ ಆ 18,000 ರೂಪಾಯಿಯನ್ನು ಹಲಾಲಾಗಿ ಪಡೆಯುವ ದಾರಿ ತೆರೆದೇ ಇತ್ತು. ಅಡ್ಡಿಯಿದ್ದದ್ದು ಒಂದು ಪುಟ.

ಪರವಾನಗಿಗಳೆಲ್ಲ ಒಂದೇ ಬಗೆಯವಲ್ಲ. ಎಮ್‌ಐಟಿ ಪರವಾನಗಿಯು ಹಕ್ಕುಸೂಚನೆಯನ್ನೂ ಪರವಾನಗಿಯ ಪಠ್ಯವನ್ನೂ ಜೊತೆಗೆ ಇಟ್ಟುಕೊಂಡರೆ ಸಾಕು ಎನ್ನುತ್ತದೆ. ಆಕರ ಸಂಕೇತವನ್ನು ಕೊಡೆಂದು ಬಲವಂತ ಮಾಡುವುದಿಲ್ಲ. ಚಿತ್ರಗಳಿಗೂ ಶಬ್ದಗಳಿಗೂ ಸಾಮಾನ್ಯವಾಗಿ ಬಳಸುವ ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಹೆಸರು ಹೇಳಿದರೆ ಸಾಕೆಂಬುದೂ ಇದೆ, ವ್ಯಾಪಾರಕ್ಕೆ ಬಳಸಬಾರದೆಂಬುದೂ ಇದೆ, ಯಾವ ಷರತ್ತೂ ಬೇಡವೆಂದು ಕರ್ತೃವೇ ಬಿಟ್ಟುಕೊಟ್ಟದ್ದೂ ಇದೆ. ಹೀಗೆ ಒಂದೇ ಆಟದೊಳಗೆ ನಾಲ್ಕು ಜನರ ನಾಲ್ಕು ಬಗೆಯ ಮಾತುಗಳು ಸೇರಿಕೊಂಡಿರುತ್ತವೆ. ಯಾರ ಮಾತು ಯಾವುದು ಎಂದು ಕೇಳಿ ನಡೆಯುವುದು ಬೇಸರದ ಕೆಲಸ ನಿಜ. ಕೂಡುಕುಟುಂಬದಲ್ಲಿ ಬಾಳಿದವರಿಗೆ ಹೊಸದೇನೂ ಅಲ್ಲ.

ಈ ಮಾತುಗಳಿಗೆ ಹಲ್ಲುಗಳಿವೆಯೇ, ಅಥವಾ ಬರೀ ಸೌಜನ್ಯವೇ ಎಂದು ನಮ್ಮ ತಮ್ಮ ಕೇಳಿದನು. ಅವನು ವ್ಯವಹಾರದ ಮನುಷ್ಯ. ಅದಕ್ಕೆ ಹುಡುಗ ಹೇಳಿದ ಕಥೆ ಚದುರಂಗದ್ದು. ಸ್ಟಾಕ್‌ಫಿಶ್ ಎಂಬುದು ಇಂದು ಜಗತ್ತಿನ ಅತ್ಯಂತ ಬಲಿಷ್ಠ ಚದುರಂಗ ತಂತ್ರಾಂಶಗಳಲ್ಲಿ ಒಂದು. ಯಾರೊಬ್ಬರ ಸ್ವತ್ತೂ ಅಲ್ಲದೆ ಎಲ್ಲರಿಗೂ ತೆರೆದಿರುವುದು. ನಾರ್ವೆಯ ಟೋರ್ಡ್ ರೋಮ್‌ಸ್ಟಾಡ್ ಎಂಬವರು ಗ್ಲೌರಂಗ್ ಎಂಬ ಹೆಸರಿನಲ್ಲಿ ಬರೆದು ಬಿಟ್ಟದ್ದನ್ನು ಇಟಲಿಯ ಮಾರ್ಕೊ ಕೊಸ್ಟಾಲ್ಬಾ ಎತ್ತಿಕೊಂಡು 2008ರ ನವೆಂಬರಿನಲ್ಲಿ ಸ್ಟಾಕ್‌ಫಿಶ್ ಎಂದು ಹೊರತಂದರು. ಸ್ಟಾಕ್‌ಫಿಶ್ ಎಂದರೆ ಒಣಮೀನು. ನಾರ್ವೆಯಲ್ಲಿ ಒಣಗಿಸಿ ಇಟಲಿಯಲ್ಲಿ ಬೇಯಿಸುವುದರಿಂದ ಆ ಹೆಸರು. ಹೆಸರಿನಲ್ಲಿಯೇ ಮೊದಲಿನವನ ಋಣ ಅಡಗಿದೆ. 2020ರಲ್ಲಿ ಅದರ ಬಲವನ್ನು ಹೆಚ್ಚಿಸಿದ ಹೊಸ ವಿಧಾನವು ಜಪಾನಿನ ಯು ನಾಸು ಎಂಬವರು ತಮ್ಮ ನಾಡಿನ ಚದುರಂಗವಾದ ಶೋಗಿಗಾಗಿ 2018ರಲ್ಲಿ ರೂಪಿಸಿದ್ದು. ಅದನ್ನೂ ಹೆಸರಿಟ್ಟು ನೆನೆಯುತ್ತಾರೆ. ತಂತ್ರಾಂಶದ ಜೊತೆಗೆ ಕರ್ತೃಗಳ ಕಡತವೊಂದು ಸದಾ ಇರುತ್ತದೆ, ಒಂದೆರಡು ಸಾಲಿನ ತಿದ್ದುಪಡಿ ಮಾಡಿದವರ ಹೆಸರೂ ಅದರಲ್ಲಿ ಸೇರುತ್ತದೆ.

ಜರ್ಮನಿಯ ಚೆಸ್‌ಬೇಸ್ ಕಂಪನಿ 2021ರಲ್ಲಿ ಸ್ಟಾಕ್‌ಫಿಶ್ ಆಧಾರಿತವಾದ 'ಫ್ಯಾಟ್ ಫ್ರಿಟ್ಜ್ 2' ಎಂಬ ತಂತ್ರಾಂಶವನ್ನು ಮಾರಲು ತೊಡಗಿತು. ಮಾರಿದ್ದು ತಪ್ಪೆಂದು ಸ್ಟಾಕ್‌ಫಿಶ್‌ನವರು ಹೇಳಲಿಲ್ಲ. ಪರವಾನಗಿಯ ಷರತ್ತುಗಳನ್ನು ಮೀರಲಾಗಿದೆ, ಕೊಳ್ಳುವವರಿಗೆ ತಮ್ಮ ಕೈಗೆ ಬಂದದ್ದು ಏನು, ಅದರ ಮೇಲೆ ತಮಗಿರುವ ಹಕ್ಕೇನು ಎಂಬುದನ್ನು ಸರಿಯಾಗಿ ತಿಳಿಸಿಲ್ಲ ಎಂಬುದು ಅವರ ಆಕ್ಷೇಪ. ಅದೇ ಜುಲೈನಲ್ಲಿ ಮ್ಯೂನಿಕ್‌ನ ನ್ಯಾಯಾಲಯಕ್ಕೆ ಹೋದರು. 2022ರ ನವೆಂಬರಿನಲ್ಲಿ ರಾಜಿಯಾಯಿತು. ಕಂಪನಿಯು ಒಂದು ವರ್ಷ ಸ್ಟಾಕ್‌ಫಿಶ್ ಇರುವ ಏನನ್ನೂ ಮಾರಕೂಡದು, ಮುಂದೆ ಪರವಾನಗಿಗಳ ಪಾಲನೆಯನ್ನು ನೋಡಿಕೊಳ್ಳಲೆಂದೇ ಒಬ್ಬರನ್ನು ನೇಮಿಸಬೇಕು, ವರ್ಷ ಕಳೆದ ಮೇಲೆ ಹಕ್ಕು ಮರಳಿ ದೊರೆಯುತ್ತದೆ. ಕೊಟ್ಟವರು ಹಣ ಕೇಳಲಿಲ್ಲ. ಕೊಟ್ಟಾಗ ಆಡಿದ ಮಾತನ್ನು ನಡೆಸಿಕೊಡಿ ಎಂದು ಕೇಳಿದರು. ಅದಕ್ಕೂ ಮೊದಲು, 2008ರಲ್ಲಿ, ಆಟಿಕೆ ರೈಲುಗಳನ್ನು ನಡೆಸುವ ಮುಕ್ತ ತಂತ್ರಾಂಶದಿಂದ ಕರ್ತೃಗಳ ಹೆಸರನ್ನು ಕಿತ್ತುಹಾಕಿ ಬಳಸಿಕೊಂಡ ಪ್ರಕರಣವೊಂದರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವು, ಹಣ ಪಡೆಯದೆ ಕೊಟ್ಟರೂ ಷರತ್ತು ಷರತ್ತೇ ಎಂದು ಎತ್ತಿಹಿಡಿದಿತ್ತು. ನಮ್ಮ ದೇಶದಲ್ಲಿಯೂ 1957ರ ಕೃತಿಸ್ವಾಮ್ಯ ಕಾಯಿದೆಯು ಕಂಪ್ಯೂಟರ್ ತಂತ್ರಾಂಶವನ್ನು ಸಾಹಿತ್ಯ ಕೃತಿಯ ಸಾಲಿನಲ್ಲಿ ಎಣಿಸುತ್ತದೆ. ಅದರ 57ನೆಯ ಕಲಮು, ಕೃತಿಯ ಹಕ್ಕನ್ನು ಮಾರಿಬಿಟ್ಟ ಮೇಲೂ, ಇದು ನನ್ನದು ಎಂದು ಹೇಳಿಕೊಳ್ಳುವ ಹಕ್ಕನ್ನು ಕರ್ತೃವಿಗೇ ಉಳಿಸುತ್ತದೆ.

ತಮ್ಮನಿಗೆ ಇಷ್ಟು ಸಾಕಾಯಿತು. ನಮಗೆ ಇದು ಇನ್ನೊಂದು ದಿಕ್ಕಿನಿಂದ ಹೆಚ್ಚು ಸ್ಪಷ್ಟವಾಗಿ ಕಾಣುತ್ತಿತ್ತು.

ಹಝ್ರತ್ ಉಮರ್(ರ) ಅವರಿಗೆ ಖೈಬರಿನಲ್ಲಿ ಒಳ್ಳೆಯ ಭೂಮಿಯೊಂದು ದೊರೆತಾಗ ಅದನ್ನು ಏನು ಮಾಡಲೆಂದು ಪ್ರವಾದಿವರ್ಯರಲ್ಲಿ(ಸ) ಕೇಳಿದ್ದೂ, ಮೂಲವನ್ನು ಹಿಡಿದಿಟ್ಟು ಫಲವನ್ನು ದಾನವಾಗಿಸುವ ಸಲಹೆ ಅವರಿಗೆ ದೊರೆತದ್ದೂ ಪ್ರಸಿದ್ಧ. ಆ ಭೂಮಿಯನ್ನು ಮಾರುವಂತಿಲ್ಲ, ಯಾರಿಗೂ ಬಕ್ಷೀಸು ಕೊಡುವಂತಿಲ್ಲ, ವಾರಸುದಾರರು ಹಂಚಿಕೊಳ್ಳುವಂತಿಲ್ಲ. ಅದನ್ನು ನೋಡಿಕೊಳ್ಳುವವನು ಮಿತವಾಗಿ ಅದರಿಂದ ಉಣ್ಣಬಹುದು. ವಕ್ಫ್ ಎಂಬುದರ ಬೇರು ಇಲ್ಲಿದೆ. ವಕ್ಫ್ ಮಾಡಿದವನು ವಿಧಿಸಿದ ಷರತ್ತಿಗೆ ನಮ್ಮ ಫಿಕ್‌ಹ್ ಗ್ರಂಥಗಳು ಎಷ್ಟು ತೂಕ ಕೊಡುತ್ತವೆ ಎಂಬುದನ್ನು ಮಸೀದಿಯ ಆಡಳಿತದಲ್ಲಿ ಕುಳಿತವರೆಲ್ಲ ಬಲ್ಲರು. ಬಾವಿಯನ್ನು ದಾರಿಹೋಕರಿಗಾಗಿ ತೋಡಿಸಿದ್ದರೆ ಅದಕ್ಕೆ ಬೀಗ ಹಾಕುವಂತಿಲ್ಲ. ಜಿಪಿಎಲ್ ಪರವಾನಗಿಯನ್ನು ಕೇಳುತ್ತ ಕೇಳುತ್ತ ನಮಗೆ ನೆನಪಾದದ್ದು ಇದೇ. ಎರಡೂ ಒಂದೇ ಎಂದು ನಾವು ಹೇಳುವುದಿಲ್ಲ. ವಕ್ಫ್ ಇಬಾದತ್, ಅದರ ಗುರಿ ಅಲ್ಲಾಹನ ಮೆಚ್ಚುಗೆ. ಆದರೆ ಕೊಟ್ಟವನು ತೆರೆದಿಟ್ಟ ಬಾವಿಯನ್ನು ನಡುವಿನವನೊಬ್ಬ ಮುಚ್ಚಿ ತನ್ನದೆಂದು ಹೇಳಬಾರದೆಂಬ ಕಾಳಜಿ ಎರಡರಲ್ಲಿಯೂ ಒಂದೇ. ಇನ್ನು ಕೃತಿಯ ಹಕ್ಕೆಂಬುದೇ ಹೊಸ ಕಾಲದ ಕಲ್ಪನೆ, ಶರೀಅತ್ತಿನಲ್ಲಿ ಅದಕ್ಕೆ ನೆಲೆಯಿಲ್ಲ ಎನ್ನುವವರಿದ್ದಾರೆ. ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿಯು 1988ರ ಡಿಸೆಂಬರಿನಲ್ಲಿ ಕುವೈತಿನಲ್ಲಿ ಸೇರಿದ ತನ್ನ ಐದನೆಯ ಅಧಿವೇಶನದಲ್ಲಿ, 43ನೆಯ ನಿರ್ಣಯದ ಮೂಲಕ, ಕರ್ತೃವಿನ ಹಕ್ಕು ಶರೀಅತ್ತಿನಲ್ಲಿ ಮಾನ್ಯವಾದದ್ದು, ಅದನ್ನು ಅತಿಕ್ರಮಿಸುವುದು ಸಲ್ಲದೆಂದು ಹೇಳಿಯಾಗಿದೆ.

ಹೆಸರಿನ ವಿಷಯದಲ್ಲಂತೂ ನಮ್ಮ ಪರಂಪರೆಗೆ ಬೇರೆಯವರಿಂದ ಕಲಿಯುವುದು ಹೆಚ್ಚೇನೂ ಇಲ್ಲ. ಯಾರಿಂದ ಕೇಳಿದೆ, ಅವರು ಯಾರಿಂದ ಕೇಳಿದರು ಎಂಬ ಸನದು ಇಲ್ಲದೆ ಒಂದು ಹದೀಸನ್ನೂ ಒಪ್ಪದ ಸಮುದಾಯ ಇದು. ಸರಪಳಿಯಲ್ಲಿ ಒಂದು ಕೊಂಡಿಯನ್ನು ಜಾಣತನದಿಂದ ಬಿಟ್ಟು, ಮೇಲಿನವರಿಂದ ನೇರವಾಗಿ ಕೇಳಿದೆನೋ ಎಂಬ ಭಾವನೆ ಬರಿಸುವುದಕ್ಕೆ ಹದೀಸ್ ಶಾಸ್ತ್ರದಲ್ಲಿ 'ತದ್ಲೀಸ್' ಎಂಬ ಹೆಸರಿದೆ. ಅಂಥವನು ಬಾಯಿಬಿಟ್ಟು ಸುಳ್ಳು ಹೇಳಿರುವುದಿಲ್ಲ. ಒಂದು ಹೆಸರನ್ನು ನುಂಗಿರುತ್ತಾನೆ, ಅಷ್ಟೇ. ಅದೊಂದರಿಂದಲೇ ವರದಿಗಾರನ ಮೇಲಿನ ನೆಚ್ಚಿಕೆ ಕುಸಿಯುತ್ತದೆ. ಹುಡುಗನು "ಒಂದು ಪುಟ ತಗೀ ಅಂದಾರ, ಅಷ್ಟ" ಎಂದಾಗ ನಮಗೆ ಹೊಳೆದದ್ದು ಈ ಪದ.

ಚದುರಂಗದ ಇತಿಹಾಸದಲ್ಲಿಯೇ ಇದಕ್ಕೊಂದು ಸೋಜಿಗದ ನಿದರ್ಶನವಿದೆ. ಹತ್ತನೆಯ ಶತಮಾನದ ಬಗ್ದಾದಿನ ಅಬೂಬಕ್ರ್ ಅಸ್ಸೂಲಿ ಖಲೀಫರ ಆಸ್ಥಾನದಲ್ಲಿ ಎದುರಿಲ್ಲದ ಚದುರಂಗ ಪಟು. ಅವರ ಹೆಸರು ಗಾದೆಯಾಗುವಷ್ಟು ಪ್ರಸಿದ್ಧಿ. ಅವರು ರಚಿಸಿದ ಚದುರಂಗದ ಸಮಸ್ಯೆಗಳನ್ನೂ ಅವರಿಗಿಂತ ಮುಂಚಿನ ಅಲ್‌ಅದ್ಲಿಯವರ ಸಮಸ್ಯೆಗಳನ್ನೂ ಮುಂದಿನವರು ನಕಲು ಮಾಡುವಾಗ, ಇದು ಇವರದು ಇದು ಅವರದು ಎಂದು ಹೆಸರಿಟ್ಟೇ ನಕಲು ಮಾಡಿಕೊಂಡು ಬಂದರು. ಸಾವಿರ ವರ್ಷದ ಮೇಲೂ ಯಾವ ಸಮಸ್ಯೆ ಯಾರದೆಂದು ಇಂದು ತಿಳಿಯುವುದು ಆ ನಕಲುಗಾರರ ಪ್ರಾಮಾಣಿಕತೆಯಿಂದ. ಆದರೆ ಅದೇ ಅಸ್ಸೂಲಿಯವರ ಮೇಲೆ ಇಬ್ನುನ್ನದೀಮ್ ತಮ್ಮ 'ಅಲ್‌ಫಿಹ್ರಿಸ್ತ್' ಗ್ರಂಥದಲ್ಲಿ ಕಠಿಣವಾದ ಆರೋಪ ಹೊರಿಸಿದ್ದಾರೆ. ಕವಿಗಳ ಕುರಿತ ಒಂದು ಪುಸ್ತಕದಲ್ಲಿ ಅಲ್‌ಮರ್ಸದಿ ಎಂಬವರ ಬರಹವನ್ನು ಅಸ್ಸೂಲಿ ಹಾಗೆಯೇ ಇಳಿಸಿಕೊಂಡರೆಂದೂ, ಅಸ್ಸೂಲಿಯವರ ಗ್ರಂಥಭಂಡಾರದಿಂದಲೇ ಬಂದ ಮೂಲಪ್ರತಿಯನ್ನು ಕಂಡಾಗ ಗುಟ್ಟು ರಟ್ಟಾಯಿತೆಂದೂ ಅವರ ಹೇಳಿಕೆ. ಎಂಥ ಪಟುವಾದರೂ ಸರಿ, ಹೆಸರು ನುಂಗಿದ್ದನ್ನು ನಮ್ಮ ಗ್ರಂಥಕಾರರು ಬರೆದಿಡದೆ ಬಿಡಲಿಲ್ಲ.

ಅಕ್ಕನ ಊರಾದ ಅಣ್ಣಿಗೇರಿ ಶಾಸನಗಳ ಊರು. ಹಳೆಯ ದತ್ತಿಶಾಸನಗಳ ರೂಪವನ್ನು ನೋಡಿದವರಿಗೆ ನಾವು ಹೇಳುತ್ತಿರುವುದು ಪರದೇಶದ ಪದ್ಧತಿಯೆಂದು ತೋರಲಾರದು. ಯಾರು ಕೊಟ್ಟರು, ಏನು ಕೊಟ್ಟರು, ಯಾವ ಷರತ್ತಿನ ಮೇಲೆ ಕೊಟ್ಟರು. ಮೀರಿದವನಿಗೆ ಒಂದು ಶಾಪ. ಎಷ್ಟೋ ಶಾಸನಗಳಲ್ಲಿ ಕಟ್ಟಕಡೆಗೆ ಬರೆದವನ ಹೆಸರು, ಕಲ್ಲಿನಲ್ಲಿ ಕಂಡರಿಸಿದವನ ಹೆಸರು. ಉಳಿ ಹಿಡಿದವನಿಗೂ ಅಲ್ಲಿ ಒಂದು ಸಾಲು ಸಿಕ್ಕಿದೆ.

ಇಷ್ಟೆಲ್ಲ ಮಾತು ನಡೆಯುವಾಗ ನಮ್ಮ ಅಮ್ಮಿ ಒಳಕೋಣೆಯ ಬಾಗಿಲಲ್ಲಿ ಕುಳಿತಿದ್ದರು. ಅವರ ಬಗ್ಗೆ ಸ್ವಲ್ಪ ಹೇಳಬೇಕು. ನವಲಗುಂದದ ಜಮಖಾನೆಯನ್ನು ನಮ್ಮ ಓದುಗರಲ್ಲಿ ಕೆಲವರಾದರೂ ಕಂಡಿರಬಹುದು. ನೆಟ್ಟಗೆ ನಿಲ್ಲಿಸಿದ ಮಗ್ಗದ ಮೇಲೆ ಹತ್ತಿಯ ಬಣ್ಣದ ನೂಲಿನಿಂದ ಮುಸ್ಲಿಮ್ ಹೆಣ್ಣುಮಕ್ಕಳು ನೇಯುವಂಥದ್ದು. ಅದರ ನವಿಲು ಹೆಸರಾದದ್ದು, ನವಲಗುಂದವೇ ನವಿಲುಗಳ ಗುಡ್ಡವಂತೆ. ವಿಜಾಪುರದ ಆದಿಲ್‌ಶಾಹಿ ಕಾಲದಲ್ಲಿ ಯುದ್ಧದ ಉಪಟಳಕ್ಕೆ ಅಲ್ಲಿಂದ ಹೊರಟ ನೇಕಾರ ಕುಟುಂಬಗಳು ಇಲ್ಲಿ ನೆಲೆಸಿದವೆಂಬುದು ಪ್ರತೀತಿ. ನಮಾಝಿಗೆ ಹಾಸುವ ಜಾನಮಾಝ್ ಆ ಮಗ್ಗದಿಂದಲೇ ಬಂದಿದೆ. ಪಗಡೆಯಾಡುವವರಿಗೆ ಪಗಡೆಯ ಹಾಸೂ ಅದೇ ಮಗ್ಗದಿಂದಲೇ ಹೋಗಿದೆ. ನೇಯ್ದವರು ಪಗಡೆ ಆಡಿದವರಲ್ಲ. ಆಟದ ಮನೆಗಳನ್ನು ಎಳೆಯೆಳೆಯಾಗಿ ಎಣಿಸಿ ಕೂಡಿಸಿದವರು ಯಾರೆಂದು ಆಡಿದವರು ಕೇಳಿದ್ದೂ ಇಲ್ಲ. ಯಾವ ಜಮಖಾನೆಯ ಅಂಚಿನಲ್ಲಿಯೂ ನೇಯ್ದವಳ ಹೆಸರಿರುವುದಿಲ್ಲ. ಸರಕಾರದ ಭೌಗೋಳಿಕ ಸೂಚಕ ಮಾನ್ಯತೆ ಈ ಕಸುಬಿಗೆ ದೊರೆತಿದೆ, ಅಂದರೆ ಬೇರೆಡೆ ಮಾಡಿದ್ದನ್ನು ನವಲಗುಂದದ್ದೆಂದು ಮಾರುವಂತಿಲ್ಲ. ಊರಿನ ಹೆಸರು ಉಳಿಯಿತು. ಒಳ್ಳೆಯದೇ. ಹೆಣ್ಣುಮಕ್ಕಳ ಹೆಸರು ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಇನ್ನೊಂದು ಸಂಗತಿ. ಈ ನೇಯ್ಗೆಯ ಗುಟ್ಟನ್ನು ಮನೆಯ ಹೊರಗೆ ಬಿಟ್ಟುಕೊಡಬಾರದೆಂಬ ಕಟ್ಟು ಇತ್ತು. ಹೊರಗಿನವರಿಗಿರಲಿ, ಹೆತ್ತ ಮಗಳಿಗೂ ಕಲಿಸುತ್ತಿರಲಿಲ್ಲ; ಅವಳು ಮದುವೆಯಾಗಿ ಹೋದ ಮನೆಗೆ ವಿದ್ಯೆಯೂ ಹೋಗಿಬಿಡುತ್ತದೆಂಬ ಅಂಜಿಕೆ. ಸೊಸೆಗೆ ಕಲಿಸುತ್ತಿದ್ದರು. ಅಮ್ಮಿ ಕಲಿತದ್ದು ಅತ್ತೆಯಿಂದ. ನಮ್ಮ ಅಕ್ಕ ಅದೇ ಮಗ್ಗದ ನೆರಳಿನಲ್ಲಿ ಬೆಳೆದರೂ ಒಂದು ಎಳೆ ಹೊಸೆಯಲು ಅವಳಿಗೆ ಬಾರದು. ಸೊಸೆಯಂದಿರಿಗೆ ಆಸಕ್ತಿಯಿಲ್ಲವಾಯಿತು, ಹೊರೆಗೆ ತಕ್ಕ ಕೂಲಿಯೂ ಇಲ್ಲವಾಯಿತು. ಊರಿನಲ್ಲಿ ಈಗ ಕೆಲವೇ ಮಗ್ಗಗಳು ಉಳಿದಿವೆ. ಬಚ್ಚಿಟ್ಟ ವಿದ್ಯೆ ಕಳವಾಗಲಿಲ್ಲ ನಿಜ. ಬಚ್ಚಿಟ್ಟಲ್ಲಿಯೇ ಸವೆಯುತ್ತಿದೆ.

ಅಮ್ಮಿ ಮೊದಲು ಕೇಳಿದ್ದು, "ಅವನಿಗೇನು ಬಂತು ಇದರಿಂದ, ಹಿಂಗ ಬಿಟ್ಟುಕೊಟ್ಟು?" ಏನೂ ಬರಲಿಲ್ಲ ನಾನಿ, ಹೆಸರೊಂದು ಇಡ್ರಿ ಅಂದಾನ, ಮುಂದಿನವರಿಗೂ ಹಿಂಗ ಕೊಡ್ರಿ ಅಂದಾನ ಎಂದು ಹುಡುಗ ಹೇಳಿದನು. ಅಮ್ಮಿ ಬಹಳ ಹೊತ್ತು ಸುಮ್ಮನಿದ್ದರು. ಅಕ್ಕ ಅಡಿಗೆಮನೆಯಿಂದ ಬಂದು ಅಲ್ಲಿಯೇ ನಿಂತಿದ್ದಳು. "ನಾವು ನಮ್ಮ ಕೈಗೆಲಸಾನ ಮಗಳಿಗೂ ಹೇಳಲಿಲ್ಲ. ಆ ಮನುಷ್ಯಾ ದುನಿಯಾಕ್ಕೆಲ್ಲ ಹೇಳಿಕೊಟ್ಟಾನ. ಅವನ ಹೆಸರು ಒರಸಿ ರೊಕ್ಕಾ ತಿನ್ನೂದು ಬ್ಯಾಡ" ಎಂದರು. ಅಕ್ಕ ಏನೂ ಹೇಳಲಿಲ್ಲ. ಶುಲ್ಕದ ಹಣವನ್ನು ಎಲ್ಲಿಂದ ತರಬೇಕೆಂಬ ಚಿಂತೆ ಎಲ್ಲರಿಗಿಂತ ಹೆಚ್ಚಾಗಿ ಇದ್ದದ್ದು ಅವಳಿಗೇ.

ಹುಡುಗನು ವ್ಯಾಪಾರಿಗೆ ಪತ್ರ ಬರೆದನು. ನಾವೂ ಕೂತು ತಿದ್ದಿದೆವು. ಆಟವನ್ನು ನೀವು ಸಂತೋಷದಿಂದ ಮಾರಬಹುದು, ಒಂದಕ್ಕೆ ಎಷ್ಟು ಬೆಲೆಯನ್ನಾದರೂ ಇಡಬಹುದು, ಆದರೆ ಪರವಾನಗಿ, ಆಕರ ಸಂಕೇತ ಮತ್ತು ಮೂಲ ಕರ್ತೃವಿನ ಹೆಸರು ಜೊತೆಯಲ್ಲಿ ಬರಬೇಕು, ಕನ್ನಡಕ್ಕೆ ತಂದ ದುಡಿಮೆಗೆಂದು ನನ್ನ ಸಂಬಳ ಕೊಟ್ಟರೆ ಸಾಕು ಎಂದು. ಉತ್ತರ ಬಂದದ್ದು ಒಂದೇ ಸಾಲು, ಹಾಗಾದರೆ ಬೇಡ. ಶುಲ್ಕವನ್ನು ನಾವು ಸೋದರರು ಹೊಂದಿಸಿದೆವು, ಸ್ವಲ್ಪ ಸಾಲವೂ ಆಯಿತು, ಅಲ್‌ಹಮ್ದುಲಿಲ್ಲಾಹ್ ಅದರಲ್ಲಿ ಅರ್ಧ ಈಗ ತೀರಿದೆ. ಆಟವು ಇದೀಗ ನಮ್ಮ ಕಡೆಯ ಒಂದೆರಡು ಶಾಲೆಗಳ ಕಂಪ್ಯೂಟರಿನಲ್ಲಿ ಪುಕ್ಕಟೆಯಾಗಿಯೇ ಇದೆ. ಪದದ ಮೊದಲನೆಯ ಅರ್ಥದಲ್ಲಿ ಮಾತ್ರ.

ಆ ಮೇಲೆ ಹುಡುಗನು ಕೊನೆಯ ಪುಟವನ್ನು ಹೊಸದಾಗಿ ಬರೆಯಲು ಕುಳಿತನು. ಇಲ್ಲಿಯವರೆಗೆ ಅದರಲ್ಲಿ ಇದ್ದುದು ಎರಡೇ ಹೆಸರು. ಕೆದಕಿದಂತೆ ಪಟ್ಟಿ ಬೆಳೆಯಿತು. ಪರದೆಯ ಮೇಲಿನ ಕನ್ನಡ ಅಕ್ಷರ ನೋಟೊ ಸಾನ್ಸ್ ಕನ್ನಡ, ಅದಕ್ಕೆ ಓಪನ್ ಫಾಂಟ್ ಲೈಸೆನ್ಸ್ ಎಂಬ ಬೇರೆ ಪರವಾನಗಿ. ಅಕ್ಷರವನ್ನು ಯಾವುದರ ಜೊತೆಗಾದರೂ ಕೊಡಬಹುದು, ಅಕ್ಷರವನ್ನಷ್ಟೇ ಪ್ರತ್ಯೇಕವಾಗಿ ಮಾರುವಂತಿಲ್ಲ. ಕುರಿ ಕೂಗುವ ಶಬ್ದ ಹೆಸರು ಹೇಳಬೇಕೆಂಬ ಷರತ್ತಿನದು. ಹುಲಿಯ ಚಿತ್ರವನ್ನು ಬರೆದದ್ದು ತಮ್ಮನ ಮಗಳು, ಅವಳು ತನ್ನ ಹೆಸರಿನ ಮುಂದೆ ತರಗತಿಯನ್ನೂ ಬರೆಯಬೇಕೆಂದು ಹಟ ಹಿಡಿದಳು. ಕನ್ನಡವನ್ನು ಬೆರಳಚ್ಚಿಸಿದ ಕೀಲಿಮಣೆಯ ವಿನ್ಯಾಸ ಕಿನ್ನಿಕಂಬಳ ಪದ್ಮನಾಭ ರಾಯರದು. ಅದನ್ನು ನಾಡಿಗೆ ಹಾಗೆಯೇ ಕೊಟ್ಟುಬಿಟ್ಟವರು ಅವರು. 'ನುಡಿ' ಕೀಲಿಮಣೆ ಎಂದು ಜನ ಬಳಸುತ್ತಾರೆ, ರಾಯರ ಹೆಸರನ್ನು ಎತ್ತುವವರು ಕಡಿಮೆ. ಕೀಲಿಮಣೆಗೆ ಯಾವ ಪರವಾನಗಿಯೂ ಹೆಸರು ಬರೆಯೆಂದು ಹೇಳುವುದಿಲ್ಲ. ಆದರೂ ಇರಲಿ ಎಂದು ನಾವೆಲ್ಲ ಅಂದೆವು. ಮೂಲ ಕರ್ತೃವಿಗೆ ಕೊಂಡಿ ಕಳುಹಿಸಿದಾಗ ಆ ಮನುಷ್ಯ ಬರೆದ ಉತ್ತರದಲ್ಲಿ ಪ್ರಶ್ನೆಗಳೇ ತುಂಬಿದ್ದವು. ನಿಮ್ಮ ಮುಕ್ಕೋನದ ಮನೆಯಲ್ಲಿ ಹುಲಿ ಮೊದಲು ಎಲ್ಲಿ ಕೂಡುತ್ತದೆ, ಕುರಿಗಳು ಎಲ್ಲವೂ ಇಳಿಯುವ ಮುನ್ನ ನಡೆಯಬಹುದೇ, ಇದನ್ನು ನನ್ನ ಮೂಲದೊಳಗೂ ಸೇರಿಸಿಕೊಳ್ಳಲೇ ಎಂದು. ಈಗ ಅಲ್ಲಿಯ ಕರ್ತೃಗಳ ಕಡತದಲ್ಲಿ ನಮ್ಮ ಹುಡುಗನ ಹೆಸರೂ ಒಂದು ಸಾಲು ಇದೆ.

ಕೊನೆಗೆ ಉಳಿದದ್ದು ಆಟದ ಮನೆಯ ಸುತ್ತಲಿನ ಅಂಚು. ಹುಡುಗನು ಅದನ್ನು ನಾನಿಯ ಹಳೆಯ ಜಮಖಾನೆಯೊಂದರಿಂದ ನೋಡಿ ಬಿಡಿಸಿದ್ದನು. ಯಾವ ಪರವಾನಗಿ ಹಾಕಲಿ ಎಂದು ಕೇಳಲು ಹೋದನು. ಚಿತ್ರ ಯಾರು ಬೇಕಾದರೂ ತೆಗೆದುಕೊಳ್ಳಲಿ, ಎಲ್ಲಿಯದು ಎಂದು ಮಾತ್ರ ಹೇಳಲಿ ಎಂದರು ಅಮ್ಮಿ. ಕ್ರಿಯೇಟಿವ್ ಕಾಮನ್ಸ್‌ನವರು ಅದನ್ನೇ ಹಲವು ಪುಟಗಳಲ್ಲಿ ಬರೆದಿದ್ದಾರೆ. ಆದರೆ ತಮ್ಮ ಹೆಸರು ಹಾಕುವುದಕ್ಕೆ ಒಪ್ಪಲಿಲ್ಲ. ಈ ಅಂಚನ್ನು ತಾವು ಹುಟ್ಟಿಸಿದ್ದಲ್ಲ, ಅತ್ತೆ ಹೇಳಿಕೊಟ್ಟದ್ದು, ಬರೆಯುವುದಾದರೆ ಅವರ ಹೆಸರು ಬರೆ ಎಂದರು. ಅತ್ತೆಗೆ ಯಾರು ಹೇಳಿಕೊಟ್ಟರು ಎಂದು ಹುಡುಗ ಕೇಳಿದನು. ಅವರ ಅತ್ತೆ. ಅವರಿಗೆ? ಅಮ್ಮಿ ಬೆರಳು ಮಡಿಸುತ್ತ ಹೋದರು. ನಾಲ್ಕನೆಯ ಹೆಸರಿನವರೆಗೆ ಬಂದು, ಅದರಾಚೆಯವರನ್ನು ತಾವು ಕಂಡಿಲ್ಲವೆಂದು ನಿಲ್ಲಿಸಿದರು. ಅಕ್ಕ ಪಕ್ಕದಲ್ಲಿ ಕುಳಿತು ಆ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡಳು. ಅವುಗಳಲ್ಲಿ ಎರಡನ್ನು ನಾವು ಮಕ್ಕಳಾರೂ ಅದುವರೆಗೆ ಕೇಳಿಯೇ ಇರಲಿಲ್ಲ. ಮೊಬೈಲಿನ ಪರದೆಗೆ ಸಾಲು ಬಹಳ ಉದ್ದವಾಯಿತು. ಹುಡುಗ ಅಕ್ಷರವನ್ನು ಕಿರಿದು ಮಾಡದೆ ಎರಡು ಸಾಲಾಗಿ ಮುರಿದು, ಅಮ್ಮಿಯ ಹೆಸರನ್ನೂ ಕೊನೆಗೆ ಸೇರಿಸಿದ್ದಾನೆ.